ಗ್ಯಾರೇಜಿನ ನೆಲ, ಬೋರಿನ ನೀರು

ಬಂಗಾರಪೇಟೆ ತಾಲ್ಲೂಕಿನ ಅಂಚಿನ ಹೋಬಳಿ ಊರು ಕಾಮಸಮುದ್ರ. ಒಂದು ಮಗ್ಗುಲಲ್ಲಿ ತಮಿಳುನಾಡು, ಇನ್ನೊಂದು ಮಗ್ಗುಲಲ್ಲಿ ಆಂಧ್ರದ ಕುಪ್ಪಂ. ಬೆಂಗಳೂರು–ಚೆನ್ನೈ ರೈಲು ಮಾರ್ಗದಲ್ಲಿ ಇದೇ ಹೆಸರಿನ ನಿಲ್ದಾಣವಿದೆ. ಇಂಥ ಊರಿನಲ್ಲಿ ಬದುಕು ಗಾಲಿಯ ಮೇಲೆ ನಿಂತಿರುತ್ತದೆ. ಹಾಲಿನ ಕ್ಯಾನು ಹೊರುವ ಟಿವಿಎಸ್ ಎಕ್ಸೆಲ್, ಟೊಮೆಟೊ ಬಾಕ್ಸು ತುಂಬಿಕೊಂಡು ಕೋಲಾರದ ಮಂಡಿಗೆ ಹೊರಡುವ ಟೆಂಪೊ, ಉಳುಮೆಯ ಟ್ರ್ಯಾಕ್ಟರು, ರೈಲು ಹತ್ತುವವರ ಬೈಕು, ಯಾವುದು ನಿಂತರೂ ಅಂದಿನ ದುಡಿಮೆ ನಿಂತಂತೆ. ಅದನ್ನು ಮತ್ತೆ ಓಡಿಸುವವನು ರಸ್ತೆ ಬದಿಯ ಗ್ಯಾರೇಜಿನ ಮೇಸ್ತ್ರಿ. ತಗಡಿನ ಚಪ್ಪರ, ಒಂದು ಕಂಪ್ರೆಸರ್, ಎಣ್ಣೆ ಕುಡಿದು ಕಪ್ಪಾದ ನೆಲ, ಇಬ್ಬರು ಮೂವರು ಹುಡುಗರು. ನಮ್ಮ ಭಾಗದ ಗ್ಯಾರೇಜು ಎಂದರೆ ಬಹುಪಾಲು ಇಷ್ಟೇ.

ಈ ಕಸುಬು ಕಣ್ಣಿನಿಂದ ಕೈಗೆ ದಾಟುವಂಥದು. ಐಟಿಐಯಲ್ಲಿ ಮೋಟಾರು ವಾಹನ ಮೆಕಾನಿಕ್ ಕೋರ್ಸು ಎರಡು ವರ್ಷದ್ದು, ಅಲ್ಲಿ ಸುರಕ್ಷತೆಯ ಪಾಠವೂ ಇದೆ. ಆದರೆ ಹಳ್ಳಿ ಗ್ಯಾರೇಜಿಗೆ ಬರುವ ಹುಡುಗ ಸ್ಪ್ಯಾನರ್ ಎತ್ತಿಕೊಡುತ್ತಾ, ಪಾರ್ಟ್ಸ್ ತೊಳೆಯುತ್ತಾ, ಮೇಸ್ತ್ರಿ ಮಾಡಿದ್ದನ್ನು ನೋಡುತ್ತಾ ಕಲಿಯುತ್ತಾನೆ. ಮೇಸ್ತ್ರಿಯ ಜಾಣ್ಮೆಯೂ ಅವನಿಗೆ ಬರುತ್ತದೆ, ಮೇಸ್ತ್ರಿಯ ಅಜಾಗರೂಕತೆಯೂ ಬರುತ್ತದೆ. ಮೇಸ್ತ್ರಿ ಪೆಟ್ರೋಲಿನಲ್ಲಿ ಕೈ ತೊಳೆದರೆ ಹುಡುಗನೂ ತೊಳೆಯುತ್ತಾನೆ. ಜಾಕಿನ ಜೊತೆಗೆ ಆಸರೆ ಕೊಡದೆ ಮೇಸ್ತ್ರಿ ಗಾಡಿಯ ಕೆಳಗೆ ನುಗ್ಗಿದರೆ ಹುಡುಗ ಅದನ್ನೇ ಧೈರ್ಯ ಎಂದುಕೊಳ್ಳುತ್ತಾನೆ. ಹದಿನಾಲ್ಕು ತುಂಬದ ಮಕ್ಕಳನ್ನು ದುಡಿಮೆಗೆ ಇಟ್ಟುಕೊಳ್ಳುವುದನ್ನು ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ ನಿಷೇಧಿಸಿದೆ. ಕಲಿಕೆಯ ಹೆಸರಿನಲ್ಲಿಯೂ ಅದಕ್ಕೆ ವಿನಾಯಿತಿ ಹುಡುಕಬಾರದು.

ದುಡಿಮೆಯ ಜಾಗದ ದೂಳು ಏನು ಮಾಡುತ್ತದೆ ಎಂಬುದನ್ನು ಕರ್ನಾಟಕದಲ್ಲಿ ಯಾರಿಗಾದರೂ ಹೇಳಿಕೊಡಬೇಕಾದರೆ, ಕಾಮಸಮುದ್ರಕ್ಕೆ ಸಮೀಪದ ಕೆಜಿಎಫ್‌ನವರಿಗೆ ಮಾತ್ರ ಹೇಳಬೇಕಾಗಿಲ್ಲ. ಭಾರತದಲ್ಲಿ ಸಿಲಿಕೋಸಿಸ್ ಮೊದಲು ದಾಖಲಾದದ್ದೇ ಇಲ್ಲಿನ ಚಿನ್ನದ ಗಣಿಗಳಲ್ಲಿ. 1940ರ ದಶಕದಲ್ಲಿ ನಡೆದ ತಪಾಸಣೆಯಲ್ಲಿ ನೂರರಲ್ಲಿ ನಲವತ್ತಕ್ಕೂ ಹೆಚ್ಚು ಕಾರ್ಮಿಕರ ಶ್ವಾಸಕೋಶದಲ್ಲಿ ಅದು ಕಂಡಿತ್ತು. ಕಲ್ಲು ಕೊರೆಯುವಾಗ ಏಳುವ ಕಣ್ಣಿಗೆ ಕಾಣದ ಪುಡಿ ಎದೆಯೊಳಗೆ ಕೂತರೆ ಮತ್ತೆ ಬಿಡಿಸಿಕೊಳ್ಳುವ ದಾರಿಯಿಲ್ಲ. ನೀರು ಹಾಯಿಸಿಕೊಂಡು ಕೊರೆಯಬೇಕು, ದೂಳನ್ನು ಗಾಳಿಗೆ ಬಿಡಬಾರದು ಎಂಬುದು ಗಣಿಗಳು ಬಹಳ ಬೆಲೆ ತೆತ್ತು ಕಲಿತ ಪಾಠ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಪಾಠ ಮುಚ್ಚಿಹೋಗಬೇಕಾಗಿರಲಿಲ್ಲ.

ಆದರೆ ಗ್ಯಾರೇಜಿನಲ್ಲಿ ಬ್ರೇಕ್ ಡ್ರಮ್ ಬಿಚ್ಚಿದೊಡನೆ ಮೊದಲು ಮಾಡುವ ಕೆಲಸವೇ ಕಂಪ್ರೆಸರ್ ಗಾಳಿ ಹೊಡೆಯುವುದು. ಕರಿ ಪುಡಿ ಮೋಡದಂತೆ ಎದ್ದು ಪಕ್ಕದಲ್ಲಿ ಕುಳಿತವನ ಮೂಗಿಗೆ ಹೋಗುತ್ತದೆ. ಬ್ರೇಕ್ ಲೈನರ್‌ಗಳಲ್ಲಿ ದಶಕಗಳ ಕಾಲ ಕಲ್ನಾರು (ಆಸ್ಬೆಸ್ಟಾಸ್) ಬಳಸಿದ್ದಾರೆ. ಹೊಸ ಗಾಡಿಗಳ ಬಹುಪಾಲು ಲೈನರ್‌ಗಳು ಈಗ ಕಲ್ನಾರಿಲ್ಲದವು, ಆದರೂ ನಮ್ಮ ದೇಶದಲ್ಲಿ ಅದರ ಬಳಕೆಗೆ ಪೂರ್ತಿ ನಿಷೇಧ ಬಂದಿಲ್ಲ. ಬಿಚ್ಚಿದ ಶೂ ಯಾವುದರಿಂದ ಮಾಡಿದ್ದು ಎಂದು ನೋಡಿ ಹೇಳಲು ಆಗುವುದಿಲ್ಲ. ಕಲ್ನಾರಿನ ಕಾಯಿಲೆ ಹೊರಬೀಳಲು ಇಪ್ಪತ್ತು, ನಲವತ್ತು ವರ್ಷ ಹಿಡಿಯುತ್ತದೆ. ಅಷ್ಟು ಹೊತ್ತಿಗೆ ಗ್ಯಾರೇಜಿಗೂ ಕೆಮ್ಮಿಗೂ ನಂಟು ಕಟ್ಟುವವರು ಯಾರೂ ಇರುವುದಿಲ್ಲ. ಗಾಳಿ ಹೊಡೆಯುವ ಬದಲು ಸೋಪು ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆದರೆ ಸಾಕು. ಖರ್ಚಿಲ್ಲ, ಎರಡು ನಿಮಿಷ ಹೆಚ್ಚಿಗೆ ಬೇಕು, ಅಷ್ಟೇ.

ತಕ್ಷಣ ಪ್ರಾಣ ತೆಗೆಯುವ ಅಪಾಯಗಳು ಬೇರೆ ಇವೆ, ಮೇಸ್ತ್ರಿಗಳಿಗೆ ಅವು ಗೊತ್ತು. ಹೈಡ್ರಾಲಿಕ್ ಜಾಕು ಎತ್ತುವುದಕ್ಕೆ ಇರುವುದು, ಹಿಡಿದು ನಿಲ್ಲಿಸುವುದಕ್ಕಲ್ಲ. ಒಳಗಿನ ಸೀಲ್ ಹೋದರೆ ಗಾಡಿ ಸದ್ದಿಲ್ಲದೆ ಇಳಿಯುತ್ತದೆ. ಚಾಸಿಯ ಕೆಳಗೆ ಸ್ಟ್ಯಾಂಡೋ ಗಟ್ಟಿ ಮರದ ದಿಮ್ಮಿಯೋ ಕೊಟ್ಟ ಮೇಲೆಯೇ ಒಳಗೆ ಹೋಗಬೇಕು. ಕಲ್ಲು, ಇಟ್ಟಿಗೆ ಆಸರೆಯಲ್ಲ, ಅವು ಒಮ್ಮೆಲೇ ಸೀಳುತ್ತವೆ. ಪಂಕ್ಚರ್ ಅಂಗಡಿಯಲ್ಲಿ ಲಾರಿ ಚಕ್ರದ ಲಾಕ್ ರಿಂಗ್ ಇನ್ನೂ ದೊಡ್ಡ ಶತ್ರು. ನೂರು ಪಿಎಸ್ಐ ದಾಟಿದ ಗಾಳಿ ಒಳಗಿರುವಾಗ ಸರಿಯಾಗಿ ಕೂರದ ರಿಂಗ್ ಸಿಡಿದರೆ ಎದುರಿಗಿದ್ದವನು ಉಳಿಯುವುದು ಕಷ್ಟ. ಬಿಚ್ಚುವ ಮೊದಲು ವಾಲ್ವ್ ತೆಗೆದು ಗಾಳಿಯೆಲ್ಲ ಖಾಲಿ ಮಾಡುವುದು, ತುಂಬುವಾಗ ಕಬ್ಬಿಣದ ಪಂಜರದೊಳಗೆ ಇಡುವುದು, ಉದ್ದ ಪೈಪು ಹಿಡಿದು ಪಕ್ಕಕ್ಕೆ ನಿಲ್ಲುವುದು. ಈ ಮೂರನ್ನು ಕಲಿಸದೆ ಹುಡುಗನ ಕೈಗೆ ಗಾಳಿ ಪೈಪು ಕೊಡಬಾರದು.

ಪೆಟ್ರೋಲ್ ಟ್ಯಾಂಕಿನ ವೆಲ್ಡಿಂಗ್ ವಿಚಾರದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಟ್ಯಾಂಕು ಖಾಲಿ, ಹಾಗಾಗಿ ಭಯವಿಲ್ಲ ಎನ್ನುತ್ತಾರೆ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಹೆಚ್ಚು ಅಪಾಯದ್ದು, ಯಾಕೆಂದರೆ ಸಿಡಿಯುವುದು ಪೆಟ್ರೋಲಿನ ಆವಿ ಮತ್ತು ಗಾಳಿ ಬೆರೆತಾಗ. ಚೆನ್ನಾಗಿ ತೊಳೆದು, ಬೆಸುಗೆಯ ಜಾಗ ಮಾತ್ರ ಬಿಟ್ಟು ನೀರು ತುಂಬಿಸಿ ಕೆಲಸ ಮಾಡುವ ಹಳೆಯ ಕ್ರಮ ಸರಿಯಾದದ್ದು. ಆಕ್ಸಿಜನ್ ಸಿಲಿಂಡರಿನ ವಾಲ್ವಿಗೆ ಗ್ರೀಸ್ ಮೆತ್ತಿದ ಕೈ ತಾಕಲೇಬಾರದು. ಒತ್ತಡದ ಆಕ್ಸಿಜನ್ ಎದುರು ಎಣ್ಣೆಗೆ ಬೆಂಕಿ ಕಡ್ಡಿಯೂ ಬೇಕಿಲ್ಲ.

ಇನ್ನು ಆ ಕರಿ ಎಣ್ಣೆ. ಎಂಜಿನ್ನಿನಲ್ಲಿ ಸಾವಿರಾರು ಕಿಲೋಮೀಟರ್ ಬೆಂದ ಆಯಿಲಿನಲ್ಲಿ ಸವೆದ ಲೋಹದ ಪುಡಿಯೂ ಕ್ಯಾನ್ಸರ್ ತರಬಲ್ಲ ಸಂಯುಕ್ತಗಳೂ ಸೇರಿರುತ್ತವೆ. ಉಗುರಿನ ಸಂದಿಯ ಕಪ್ಪನ್ನು ಮೆಕಾನಿಕ್ಕುಗಳು ಕಸುಬಿನ ಗುರುತು ಎಂದು ಹೆಮ್ಮೆಯಿಂದ ನೋಡುತ್ತಾರೆ. ಆ ಹೆಮ್ಮೆಯನ್ನು ನಾನು ಗೌರವಿಸುತ್ತೇನೆ, ಆದರೆ ಚರ್ಮಕ್ಕೆ ಅದು ವಿಷ. ಅದನ್ನು ತೆಗೆಯಲು ಪೆಟ್ರೋಲು ಬಳಸಿದರೆ ಚರ್ಮದ ಜಿಡ್ಡು ಕರಗಿ, ಪೆಟ್ರೋಲಿನೊಳಗಿನ ಬೆಂಜೀನು ಇನ್ನೂ ಸುಲಭವಾಗಿ ಮೈಗೆ ಇಳಿಯುತ್ತದೆ. ಕೆಲಸಕ್ಕೆ ಮೊದಲು ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು, ಆಮೇಲೆ ಸೋಪಿನ ಪುಡಿಯಲ್ಲಿ ತೊಳೆದರೆ ಬಹುಪಾಲು ಹೋಗುತ್ತದೆ. ಅಗ್ಗದ ನೈಟ್ರೈಲ್ ಕೈಗವಸು ಇದ್ದರೆ ಇನ್ನೂ ಒಳ್ಳೆಯದು.

ಆ ಎಣ್ಣೆ ಮಣ್ಣಿಗೆ ಬಿದ್ದರೆ? ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಸಾವಿರ ಅಡಿ ದಾಟಿದ ಬೋರುಗಳನ್ನು ನಂಬಿ ಬದುಕಿದವರು ನಾವು. 2018ರಿಂದ ಕೆಸಿ ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಜಿಲ್ಲೆಯ ಕೆರೆಗಳಿಗೆ ಬರತೊಡಗಿದಾಗ, ಅದು ಎಷ್ಟು ಶುದ್ಧವಾಗಿದೆ, ಅಂತರ್ಜಲಕ್ಕೆ ಏನು ಇಳಿಯುತ್ತದೆ ಎಂದು ಇಡೀ ಜಿಲ್ಲೆ ಕೇಳಿತು. ಕೇಳಬೇಕಾದ ಪ್ರಶ್ನೆಯೇ ಅದು. ಊರ ಮುಂದಿನ ವಾಟರ್ ಸರ್ವೀಸ್‌ನ ಮೋರಿಗೂ ಅದೇ ಪ್ರಶ್ನೆ ಹೊಂದುತ್ತದೆ. ಕೆರೆ, ಹೊಳೆಗೆ ಬಿಡುವ ನೀರಿನಲ್ಲಿ ಎಣ್ಣೆ ಮತ್ತು ಗ್ರೀಸ್ ಲೀಟರಿಗೆ 10 ಮಿಲಿಗ್ರಾಮ್ ಮೀರಬಾರದು ಎಂಬುದು ಕಾನೂನು. ಎಣ್ಣೆ ನೀರಿನ ಮೇಲೆ ತೇಲುತ್ತದೆ, ಹಾಗಾಗಿ ಅಡ್ಡಗೋಡೆ ಕೊಟ್ಟ ಮೂರು ಅಂಕಣದ ಸಿಮೆಂಟ್ ತೊಟ್ಟಿಯೊಂದು ಅದರ ಹೆಚ್ಚಿನ ಪಾಲನ್ನು ತಡೆದು ನಿಲ್ಲಿಸುತ್ತದೆ. ಊರಿನ ಗಾರೆ ಮೇಸ್ತ್ರಿಯೇ ಅದನ್ನು ಕಟ್ಟಬಲ್ಲ. ಹೊಣೆ ಹೊರದೆ ಬಿಟ್ಟುಹೋದ ಕಸ ಎಷ್ಟು ಕಾಲ ಉಳಿಯುತ್ತದೆ ಎಂಬುದಕ್ಕೆ ಕೆಜಿಎಫ್‌ನ ಸೈನೈಡ್ ಗುಡ್ಡಗಳಿವೆ. ಸುಮಾರು 3.3 ಕೋಟಿ ಟನ್ ಗಣಿ ಪುಡಿ ಇಂದಿಗೂ ಗಾಳಿಗೆ ಏಳುತ್ತದೆ.

ನ್ಯಾಯವಾಗಿ ಹೇಳಬೇಕಾದ ಒಂದು ಮಾತಿದೆ. ಗ್ಯಾರೇಜಿನವನು ಹಳೆಯ ಆಯಿಲನ್ನು ಸುಮ್ಮನೆ ಚೆಲ್ಲುವುದು ಕಡಿಮೆ, ಯಾಕೆಂದರೆ ಅದಕ್ಕೆ ಬೆಲೆಯಿದೆ. ಡಬ್ಬದಲ್ಲಿ ಶೇಖರಿಸಿ ಗುಜರಿಯವನಿಗೆ ಮಾರುತ್ತಾನೆ. ಸೆಂಟ್ರಿಂಗ್ ಹಲಗೆಗೆ ಸವರಲು, ಬೇಲಿ ಕಂಬಕ್ಕೆ ಗೆದ್ದಲು ಹತ್ತದಿರಲು, ಒಲೆ–ಗೂಡುಗಳಲ್ಲಿ ಉರಿಸಲು ಅದು ಹೋಗುತ್ತದೆ. ಅಲ್ಲಿಂದ ಅದು ಮಣ್ಣಿಗೋ ಹೊಗೆಗೋ ಸೇರುತ್ತದೆ. ತಪ್ಪು ಆಗುವುದು ಗ್ಯಾರೇಜಿನ ಬಾಗಿಲು ದಾಟಿದ ಮೇಲೆ.

ಕಾನೂನು ಇಲ್ಲವೆಂದಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಎಣ್ಣೆಯ ಹೆಸರಿದೆ. ಅದನ್ನು ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ಅನುಮತಿ ಪಡೆದವರಿಗಷ್ಟೇ ಕೊಡಬೇಕು. ಅದೇ ವರ್ಷದ ಮಾಲಿನ್ಯ ವರ್ಗೀಕರಣದಲ್ಲಿ ವಾಹನ ಸರ್ವೀಸ್ ಮತ್ತು ಪೇಂಟಿಂಗ್ ಕೆಲಸ ಕಿತ್ತಳೆ ಪಟ್ಟಿಗೆ ಸೇರಿತು, ಅಂದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು. ಕಾರು ಕಂಪನಿಗಳ ಸರ್ವೀಸ್ ಸೆಂಟರ್‌ಗಳು ಇದನ್ನೆಲ್ಲ ಪಾಲಿಸಲು ಒಬ್ಬ ನೌಕರನನ್ನೇ ಇಡಬಲ್ಲವು. 1948ರ ಕಾರ್ಖಾನೆ ಕಾಯ್ದೆಯೂ ವಿದ್ಯುತ್ ಬಳಸುವ ಕಡೆ ಹತ್ತು ಜನರಿದ್ದರೆ ಮಾತ್ರ ಅನ್ವಯವಾಗುತ್ತಿತ್ತು. ಮೂರು ಜನರ ಗ್ಯಾರೇಜು ಕಾರ್ಖಾನೆ ಇನ್‌ಸ್ಪೆಕ್ಟರ್‌ನ ಪುಸ್ತಕಕ್ಕೆ ಬರುವುದಿಲ್ಲ. ಅಪಾಯ ಹೆಚ್ಚಿರುವುದು ಅಲ್ಲಿಯೇ. ಕೊನೆಗೆ ಸರ್ಕಾರ ಇವರನ್ನು ಗುರುತಿಸಿದ್ದು ಅಸಂಘಟಿತ ಕಾರ್ಮಿಕರೆಂದು: ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯಲ್ಲಿ ಮೆಕಾನಿಕ್ಕುಗಳಿಗೂ ಜಾಗವಿದೆ. ಕಾರ್ಮಿಕ ಇಲಾಖೆಯಲ್ಲಿ ಹೆಸರು ಬರೆಸಿಕೊಳ್ಳದ ಮೆಕಾನಿಕ್ ಇದನ್ನು ಓದುತ್ತಿದ್ದರೆ, ಈ ವಾರವೇ ಬರೆಸಲಿ.

ಎಣ್ಣೆಗೆ ದಾರಿ ಇದೆಯೇ? ಬ್ಯಾಟರಿಯನ್ನು ನೋಡಿ. ಸೀಸ, ಗಂಧಕಾಮ್ಲ ತುಂಬಿದ ಹಳೆ ಬ್ಯಾಟರಿಯನ್ನು ಯಾರೂ ತಿಪ್ಪೆಗೆ ಎಸೆಯುವುದಿಲ್ಲ. ಹೊಸದು ಕೊಳ್ಳುವಾಗ ಹಳೆಯದಕ್ಕೆ ಬೆಲೆ ಕಳೆಯುತ್ತಾರೆ, ಹಾಗಾಗಿ ಅದು ಅಂಗಡಿಗೇ ಮರಳುತ್ತದೆ. ಅದರಲ್ಲೂ ಒಂದು ಪಾಲು ಕಳ್ಳ ಕುಲುಮೆಗಳಿಗೆ ಸೋರುತ್ತದೆ, ಆದರೂ ಮರಳುವ ದಾರಿ ಬಿದ್ದಿದೆ. ಎಣ್ಣೆಗೂ ಅಂಥ ದಾರಿ ಸಾಧ್ಯ: ಎಣ್ಣೆ ತಯಾರಿಸುವ ಕಂಪನಿಗಳೇ ಬಳಸಿದ ಎಣ್ಣೆಯ ಮರುಬಳಕೆಯ ಹೊಣೆ ಹೊರಬೇಕು ಎಂದು ಅಪಾಯಕಾರಿ ತ್ಯಾಜ್ಯ ನಿಯಮಗಳ 2023ರ ತಿದ್ದುಪಡಿ ಹೇಳಿತು, 2024ರ ಏಪ್ರಿಲಿನಿಂದ ಅದು ಜಾರಿಗೆ ಬಂದಿದೆ. ಸಂಗ್ರಹಕಾರರು ನೋಂದಣಿ ಮಾಡಿಸಿಕೊಳ್ಳಬೇಕು ಎಂದೂ ಇದೆ.

ಲೆಕ್ಕ ಹಾಕಿ. ದಿನಕ್ಕೆ ನಾಲ್ಕು ಬೈಕಿನ ಆಯಿಲ್ ಬದಲಿಸುವ ಗ್ಯಾರೇಜಿನಲ್ಲಿ ತಿಂಗಳಿಗೆ ನೂರು ಲೀಟರಿನ ಹತ್ತಿರ ಸೇರುತ್ತದೆ. ಆ ಒಂದು ಡ್ರಮ್ಮಿಗಾಗಿ ಕಾಮಸಮುದ್ರದವರೆಗೆ ಯಾವ ಅಧಿಕೃತ ಲಾರಿಯೂ ಬರುವುದಿಲ್ಲ. ಕಾಮಸಮುದ್ರ, ಬೂದಿಕೋಟೆ, ಬಂಗಾರಪೇಟೆಯ ಹತ್ತು ಗ್ಯಾರೇಜುಗಳು ಕೂಡಿದರೆ ತಿಂಗಳಿಗೆ ಸಾವಿರ ಲೀಟರು, ಅಷ್ಟಕ್ಕೆ ಬರುತ್ತದೆ. ಬೇಕಾದದ್ದು ಬಂಗಾರಪೇಟೆಯಲ್ಲಿ ಕಾಂಕ್ರೀಟ್ ನೆಲ, ಸುತ್ತ ಗಿಡ್ಡ ಕಟ್ಟೆ, ಮೇಲೆ ಸೂರು ಇರುವ ಒಂದು ಜಾಗ, ಮತ್ತು ಗುಜರಿಯವನು ಕೊಡುವುದಕ್ಕಿಂತ ಲೀಟರಿಗೆ ಒಂದೆರಡು ರೂಪಾಯಿ ಹೆಚ್ಚಿನ ಬೆಲೆ. ಜಾಗ ಪುರಸಭೆ ಕೊಡಬಹುದು. ಹೆಚ್ಚಿನ ರೂಪಾಯಿಯನ್ನು ಎಣ್ಣೆ ಕಂಪನಿಗಳಿಂದ ವಸೂಲು ಮಾಡಬೇಕು, ಕಾನೂನು ಹೊಣೆ ಹೊರಿಸಿರುವುದು ಅವರ ಮೇಲೆಯೇ.