ಮಂಡಿ ಗಾಯ ಮತ್ತು ಮನಸ್ಸಿನ ಅಳುಕು

ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಲಿಗಮೆಂಟ್ ಹರಿದು ಆಪರೇಷನ್ ಮಾಡಿಸಿಕೊಂಡವರು ಮೆಟ್ಟಿಲಿಳಿಯುವುದನ್ನು ಗಮನಿಸಿ. ಊತ ಇಳಿದಿರುತ್ತದೆ, ನೋವೂ ಅಷ್ಟಾಗಿ ಇರುವುದಿಲ್ಲ. ಆದರೂ ಕೈ ಕಂಬಿ ಬಿಡುವುದಿಲ್ಲ, ಮೈಭಾರವೆಲ್ಲ ಗಟ್ಟಿ ಕಾಲಿನ ಮೇಲೆಯೇ. ಕೇಳಿದರೆ, "ಮಂಡಿ ಮೇಲೆ ಇನ್ನೂ ಧೈರ್ಯ ಬಂದಿಲ್ಲ" ಅನ್ನುತ್ತಾರೆ. ಮನೆಯವರಿಗೆ ಇದು ನೆಪದಂತೆ ಕೇಳಿಸುತ್ತದೆ. ಆದರೆ ಚೇತರಿಕೆ ಎಲ್ಲಿ ತಡೆದು ನಿಂತಿದೆ ಎಂಬ ಸುಳಿವು ಆ ಮಾತಿನಲ್ಲೇ ಇರುತ್ತದೆ.

ತಪ್ಪು ಕಲ್ಪನೆ: ಆಪರೇಷನ್ ಚೆನ್ನಾಗಿ ಆದರೆ ಆಟಕ್ಕೆ ಮರಳುವುದು ಖಚಿತ.

ಸತ್ಯ: ಎಸಿಎಲ್ ಆಪರೇಷನ್ ಆದ 7,000ಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿದ 2014ರ ವಿಶ್ಲೇಷಣೆಯ ಪ್ರಕಾರ, ಶೇ. 81ರಷ್ಟು ಮಂದಿ ಯಾವುದಾದರೂ ಆಟಕ್ಕೆ ಮರಳಿದ್ದರು. ಗಾಯಕ್ಕೆ ಮುಂಚಿನ ಮಟ್ಟ ಮುಟ್ಟಿದವರು ಶೇ. 65, ಸ್ಪರ್ಧೆಗಿಳಿದವರು ಶೇ. 55 ಮಾತ್ರ. ಮಂಡಿ ಚೆನ್ನಾಗಿದ್ದೂ ಮರಳದವರು ಹೇಳುವ ದೊಡ್ಡ ಕಾರಣಗಳಲ್ಲೊಂದು, ಮತ್ತೆ ಪೆಟ್ಟಾದೀತೆಂಬ ಭಯ. ಈ ಭಯವನ್ನೂ ಆತ್ಮವಿಶ್ವಾಸವನ್ನೂ ಅಳೆಯಲೆಂದೇ ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ 12 ಪ್ರಶ್ನೆಗಳ 'ಎಸಿಎಲ್-ಆರ್‌ಎಸ್‌ಐ' ಎಂಬ ಮಾಪಕ ರೂಪಿಸಿದರು.

ತಪ್ಪು ಕಲ್ಪನೆ: ನೋವು ಬಂತೆಂದರೆ ಒಳಗೆ ಮತ್ತೇನೋ ಹರಿದಿದೆ.

ಸತ್ಯ: ನೋವು ಗಾಯದ ಅಳತೆಗೋಲಲ್ಲ. ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ 50 ದಾಟಿದವರ ಮಂಡಿಗಳನ್ನು ಎಂಆರ್‌ಐ ಮಾಡಿ ನೋಡಿದಾಗ (2008), ಮೆನಿಸ್ಕಸ್ (ಮಂಡಿಯೊಳಗಿನ ಮೆತ್ತೆಯಂಥ ಮೃದ್ವಸ್ಥಿ) ಹರಿದಿದ್ದವರಲ್ಲಿ ಶೇ. 61ರಷ್ಟು ಮಂದಿಗೆ ಹಿಂದಿನ ತಿಂಗಳಲ್ಲಿ ನೋವೂ ಬಿಗಿತವೂ ಇರಲಿಲ್ಲ. ನೋವಿಗೆ ಹೆದರಿ ಕಾಲನ್ನು ಬಳಸದೇ ಇದ್ದರೆ ತೊಡೆಯ ಸ್ನಾಯು ಸೊರಗುತ್ತದೆ, ಮಂಡಿ ಕುಸಿದಂತಾಗುತ್ತದೆ, ಭಯ ಇನ್ನಷ್ಟು ಬೆಳೆಯುತ್ತದೆ. ಆದರೆ ಊತ ಮರುಕಳಿಸಿದರೆ, ಮಂಡಿ ಸಿಕ್ಕಿಹಾಕಿಕೊಂಡರೆ ಅಥವಾ ಹಠಾತ್ತನೆ ಜಾರಿದಂತಾದರೆ ವೈದ್ಯರಿಗೆ ತೋರಿಸಲೇಬೇಕು.

ತಪ್ಪು ಕಲ್ಪನೆ: ತೊಡೆ ಹೇಳಿದ ಮಾತು ಕೇಳುತ್ತಿಲ್ಲ, ನರ ಹೋಗಿರಬೇಕು.

ಸತ್ಯ: ಸುತ್ತಿದ ಟವೆಲನ್ನು ಮಂಡಿಯ ಕೆಳಗಿಟ್ಟು ಒತ್ತಲು ಫಿಸಿಯೋ ಹೇಳುತ್ತಾರೆ. ಎಷ್ಟು ಪ್ರಯತ್ನಪಟ್ಟರೂ ತೊಡೆ ಬಿಗಿಯುವುದಿಲ್ಲ. ಸಾಮಾನ್ಯವಾಗಿ ಇಲ್ಲಿ ನರ ಕೆಟ್ಟಿರುವುದಿಲ್ಲ. ಕೀಲು ಊದಿಕೊಂಡಾಗ ಮಿದುಳು-ಬೆನ್ನುಹುರಿಯಿಂದ ಆ ಸ್ನಾಯುವಿಗೆ ಹೋಗುವ ಆಜ್ಞೆಯೇ ತಗ್ಗುತ್ತದೆ. ಊತ ಇಳಿದು ವ್ಯಾಯಾಮ ಮುಂದುವರಿದಂತೆ ಸ್ನಾಯು ಎಚ್ಚರಗೊಳ್ಳುತ್ತದೆ. ಇದು ಗೊತ್ತಾದರೆ ಅರ್ಧ ಆತಂಕ ಕಳೆಯುತ್ತದೆ.

ತಪ್ಪು ಕಲ್ಪನೆ: ಧೈರ್ಯವಿದ್ದರೆ ಸಾಕು, ಬೇಗ ಅಂಗಳಕ್ಕಿಳಿಯಬಹುದು.

ಸತ್ಯ: ಅತಿಧೈರ್ಯವೂ ಅಪಾಯವೇ. ನಾರ್ವೆ ಮತ್ತು ಅಮೆರಿಕದ ಸಂಶೋಧಕರ 2016ರ ಅಧ್ಯಯನದಲ್ಲಿ, ಆಪರೇಷನ್ ಆಗಿ 9 ತಿಂಗಳಾಗುವವರೆಗೆ ಆಟವನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮರುಗಾಯದ ಪ್ರಮಾಣ ಸುಮಾರು ಅರ್ಧದಷ್ಟು ಇಳಿಯಿತು. ಧೈರ್ಯಕ್ಕೆ ಅಳೆದು ನೋಡಿದ ಬಲದ ಆಸರೆ ಬೇಕು: ತೊಡೆಯ ಶಕ್ತಿ ಇನ್ನೊಂದು ಕಾಲಿನ ಶೇ. 90ರಷ್ಟಾದರೂ ಇರಬೇಕೆಂಬುದು ರೂಢಿಯಲ್ಲಿರುವ ಮಾನದಂಡ.

ತಪ್ಪು ಕಲ್ಪನೆ: ಅಳುಕು ಹುಟ್ಟುಗುಣ, ಬದಲಾಗದು.

ಸತ್ಯ: ಆತ್ಮವಿಶ್ವಾಸವನ್ನೂ ಸ್ನಾಯುವಿನಂತೆ ಮೆಲ್ಲಮೆಲ್ಲಗೆ ಪಳಗಿಸಬಹುದು. ಈ ವಾರ ಒಂದು ಮೆಟ್ಟಿಲು ಕಂಬಿ ಹಿಡಿಯದೆ, ಮುಂದಿನ ವಾರ ಎರಡು. ಆದದ್ದನ್ನು ಬರೆದಿಟ್ಟರೆ ಮಂಡಿ ಸುಧಾರಿಸಿದ್ದಕ್ಕೆ ನಿಮ್ಮ ಬಳಿಯೇ ಸಾಕ್ಷಿ ಇರುತ್ತದೆ.

ಮುಂದಿನ ಸಲ ಫಿಸಿಯೋ ಬಳಿ ಹೋದಾಗ ನೋವೆಲ್ಲಿದೆ ಎಂದಷ್ಟೇ ಹೇಳಿ ಬರಬೇಡಿ. ಯಾವ ಹೆಜ್ಜೆಗೆ ಎದೆ ಝಲ್ಲೆನ್ನುತ್ತದೆ ಎಂಬುದನ್ನೂ ಸಂಕೋಚವಿಲ್ಲದೆ ಹೇಳಿ. ಚಿಕಿತ್ಸೆ ಆ ಹೆಜ್ಜೆಯಿಂದಲೇ ಮುಂದುವರಿಯಲಿ.