ಆಕಾಶದ ಅಂಜಿಕೆಯೂ ಗಣಿತದ ಅಭಯವೂ

ಪ್ರಾಚೀನ ಈಜಿಪ್ಟಿನ ಜನರು ಸೂರ್ಯನಿಗೆ ವೈರಿಯಾದ ಮಹಾಸರ್ಪವೊಂದನ್ನು ಕಲ್ಪಿಸಿಕೊಂಡಿದ್ದರು. ಗ್ರೀಕರು ಅದನ್ನು ಅಪೋಫಿಸ್ ಎಂದು ಕರೆದರು. ನಮ್ಮ ರಾಹುವಿಗೆ ಅದು ದಾಯಾದಿಯೆಂದರೂ ಸಲ್ಲುವುದು. ಆದರೆ ಗ್ರಹಣಕ್ಕೆ ಕಾರಣವು ನೆರಳೇ ಹೊರತು ರಾಹುವಲ್ಲವೆಂಬುದನ್ನು ಆರ್ಯಭಟನು ಕ್ರಿ.ಶ. 499ರ ಸುಮಾರಿಗೇ ತಿಳಿಸಿದ್ದನು. ಅಂದು ರಾಹುವಿನ ಅಂಜಿಕೆಯನ್ನು ಬಿಡಿಸಿದ ಗಣಿತವೇ ನಮ್ಮ ಕಾಲದಲ್ಲಿ ಅಪೋಫಿಸ್ ಎಂಬ ಹೆಸರನ್ನು ಹೊತ್ತ ಕ್ಷುದ್ರಗ್ರಹವೊಂದರ ಅಂಜಿಕೆಯನ್ನೂ ಬಿಡಿಸಿತು. ಆ ವೃತ್ತಾಂತವು ಪಂಡಿತರಿಗೆ ಮಾತ್ರವಲ್ಲದೆ ಸಾಮಾನ್ಯ ಜನರಿಗೂ ತಿಳಿದಿರತಕ್ಕದ್ದು.

ಈ ಕ್ಷುದ್ರಗ್ರಹವು ಸುಮಾರು 340 ಮೀಟರು ಅಳತೆಯದು. ಅಂತರಿಕ್ಷದಲ್ಲಿ ಅಲೆಯುವ ಒಂದು ಗುಡ್ಡವೇ ಸರಿ. 2004ನೆಯ ಜೂನ್ 19ರಂದು ಅಮೇರಿಕದ ಆರಿಜೋನಾ ಪ್ರಾಂತದ ಕಿಟ್ ಪೀಕ್ ವೀಕ್ಷಣಾಲಯದಿಂದ ಅದು ಮೊದಲು ಗುರುತಿಸಲ್ಪಟ್ಟಿತು. ಸೂರ್ಯನನ್ನು ಒಮ್ಮೆ ಸುತ್ತಲು ಅದಕ್ಕೆ ಸುಮಾರು 324 ದಿನಗಳು ಸಾಕು. ಅದರ ಹಾದಿಯು ದೀರ್ಘವೃತ್ತಾಕಾರದ್ದಾಗಿ, ಭೂಮಿಯ ಹಾದಿಯ ಒಳಕ್ಕೂ ಹೊರಕ್ಕೂ ಸುಳಿಯುತ್ತದೆ. ಎರಡು ದಾರಿಗಳು ಕೂಡಿದ ಮಾತ್ರಕ್ಕೆ ಅಲ್ಲಿ ನಡೆಯುವ ಬಂಡಿಗಳು ಒಂದಕ್ಕೊಂದು ತಾಕಬೇಕೆಂದಿಲ್ಲ. ಎರಡೂ ಒಂದೇ ಗಳಿಗೆಗೆ ಕೂಡುದಾರಿಗೆ ಬರಬೇಕು. ಹಾಗೆ ಬರುವುವೇ ಎಂಬುದೇ ಪ್ರಶ್ನೆಯಾಗಿದ್ದಿತು.

2004ರ ಡಿಸೆಂಬರಿನಲ್ಲಿ ದೊರೆತ ಲೆಕ್ಕವು ಕಳವಳವನ್ನು ಹುಟ್ಟಿಸಿತು. 2029ನೆಯ ಏಪ್ರಿಲ್ 13ರಂದು ಅದು ಭೂಮಿಗೆ ಅಪ್ಪಳಿಸುವ ಸಂಭವವಿದೆಯೆಂದು ಕಂಡುಬಂದಿತು. ಹೊಸ ವೀಕ್ಷಣೆಗಳು ಕೂಡಿದಂತೆ ಆ ಸಂಭವವು ಕುಗ್ಗುವ ಬದಲು ಬೆಳೆದು, 37ರಲ್ಲಿ ಒಂದು ಪಾಲಿನವರೆಗೂ ಏರಿತು. ಜ್ಞಾನವು ಹೆಚ್ಚಿದಂತೆ ಭಯವೂ ಹೆಚ್ಚುವುದೆಂದರೆ ಇದೆಂತಹ ವಿಪರೀತ ಎಂದು ವಾಚಕರು ಕೇಳಬಹುದು. ತೋಟದಲ್ಲಿ ಉಂಗುರವೊಂದು ಕಳೆದಿದೆಯೆಂದು ಭಾವಿಸೋಣ. ಅದು ಬಾವಿಯೊಳಗೆ ಬಿದ್ದಿತೋ ಏನೋ ಎಂಬುದು ಮನೆಯವರ ಚಿಂತೆ. ಅರ್ಧ ತೋಟವನ್ನು ಹುಡುಕಿದರೂ ಸಿಕ್ಕದಿದ್ದರೆ ಬಾವಿಯ ಮೇಲಣ ಸಂಶಯವು ಬಲಿಯುವುದು. ಕೊನೆಗೆ ಉಂಗುರವು ಬದುವಿನ ಮೇಲೆ ಕಂಡೊಡನೆ ಸಂಶಯವು ಪೂರ್ತಿಯಾಗಿ ತೀರುವುದು. ಇಲ್ಲಿಯೂ ನಡೆದುದು ಇದೇ. ಅದೇ ವರ್ಷದ ಮಾರ್ಚ್ ತಿಂಗಳಿನಲ್ಲಿ ತೆಗೆದ ಚಿತ್ರಗಳಲ್ಲಿ ಈ ಗುಡ್ಡವು ಯಾರ ಗಮನಕ್ಕೂ ಬಾರದೆ ಅಡಗಿದ್ದಿತು. ಡಿಸೆಂಬರ್ 27ರಂದು ಆ ಸ್ಥಾನಗಳನ್ನು ಲೆಕ್ಕಕ್ಕೆ ಸೇರಿಸಲಾಗಿ, 2029ರ ಅಪಾಯವು ಇಲ್ಲವೆಂಬುದು ಗೊತ್ತಾಯಿತು.

ಅದರ ಹಿಂದಿನ ದಿನ ಏನು ನಡೆಯಿತೆಂಬುದನ್ನು ಭಾರತೀಯರು ಮರೆಯಲಾರರು. ಡಿಸೆಂಬರ್ 26ರಂದು ಸುಮಾತ್ರದ ಬಳಿ ಕಡಲ ತಳವು ಕಂಪಿಸಿ, ಎದ್ದ ಸುನಾಮಿಯು ಹಿಂದೂ ಮಹಾಸಾಗರದ ಸುತ್ತಣ ನಾಡುಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕ ಜನರನ್ನು ಬಲಿತೆಗೆದುಕೊಂಡಿತು. ಆ ಅಲೆಯು ತಮಿಳುನಾಡಿನ ದಡವನ್ನು ಮುಟ್ಟಲು ಸುಮಾರು ಎರಡು ಗಂಟೆ ಹಿಡಿಯಿತು. ಆದರೆ ಈ ಸಾಗರಕ್ಕೆ ಅಂದು ಮುನ್ಸೂಚನೆಯ ವ್ಯವಸ್ಥೆಯೇ ಇರಲಿಲ್ಲ. ಹೈದರಾಬಾದಿನಲ್ಲಿ ಭಾರತದ ಸೂಚನಾ ಕೇಂದ್ರವು ಏರ್ಪಟ್ಟುದು 2007ರಲ್ಲಿ. ಇಪ್ಪತ್ತನಾಲ್ಕು ವರ್ಷಗಳಾಚೆಯ ಅಪಾಯವನ್ನು ಮನುಷ್ಯನು ಆಕಾಶದಲ್ಲಿ ಎಣಿಸುತ್ತಿದ್ದ ವಾರದಲ್ಲಿಯೇ, ಎರಡು ಗಂಟೆಗಳಾಚೆಯ ಅಪಾಯದ ಸುದ್ದಿಯು ಬೆಸ್ತರ ಗುಡಿಸಲುಗಳಿಗೆ ಮುಟ್ಟಲಿಲ್ಲ.

ಅಪೋಫಿಸ್ 2029ರ ಆ ದಿನ ಬಂದೇ ಬರುವುದು. ಆದರೆ ಅತಿಥಿಯಂತೆ ಬಂದು ಹೋಗುವುದು. ಭೂಮಿಯ ಮೇಲ್ಮೈಯಿಂದ ಸುಮಾರು 32,000 ಕಿಲೋಮೀಟರು ದೂರದಲ್ಲಿ, ದೂರದರ್ಶನದ ಉಪಗ್ರಹಗಳಿಗಿಂತಲೂ ಸಮೀಪದಲ್ಲಿ ಅದು ಹಾದುಹೋಗಲಿದೆ. ಯೂರೋಪು, ಆಫ್ರಿಕಾ ಮತ್ತು ಪಶ್ಚಿಮ ಏಷ್ಯಗಳ ಜನರು ಅದನ್ನು ಬರಿಗಣ್ಣಿನಿಂದ ಕಾಣಬಲ್ಲರು. ಭೂಮಿಯ ಆಕರ್ಷಣೆಯಿಂದ ಅದರ ಹಾದಿಯು ಹಿಗ್ಗಿ, ಸೂರ್ಯನನ್ನು ಸುತ್ತಲು ಅದಕ್ಕೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬೇಕಾಗುವುದು. 2021ರ ಮಾರ್ಚಿನಲ್ಲಿ ರೇಡಾರಿನಿಂದ ಅಳೆದು ನೋಡಲಾಗಿ, ಇನ್ನು ನೂರು ವರ್ಷಗಳವರೆಗಾದರೂ ಅದರಿಂದ ಭಯವಿಲ್ಲವೆಂದು ಸಿದ್ಧವಾಗಿದೆ.

ಹಾಗೆಂದು ನಿಶ್ಚಿಂತರಾಗಿ ಮಲಗುವುದು ತರವಲ್ಲ. 2013ನೆಯ ಫೆಬ್ರುವರಿ 15ರಂದು ರಷ್ಯದ ಚೆಲ್ಯಾಬಿನ್ಸ್ಕ್ ನಗರದ ಮೇಲಣ ಆಕಾಶದಲ್ಲಿ ಸುಮಾರು 20 ಮೀಟರಿನ ಬಂಡೆಯೊಂದು ಸಿಡಿದು, ಸಾವಿರಕ್ಕೂ ಹೆಚ್ಚು ಜನರು ಗಾಯಗೊಂಡರು. ಅದು ಸೂರ್ಯನ ದಿಕ್ಕಿನಿಂದ ಬಂದುದರಿಂದ ಯಾರಿಗೂ ಮೊದಲೇ ಕಾಣಿಸಲಿಲ್ಲ. 140 ಮೀಟರಿಗೆ ಮೇಲ್ಪಟ್ಟು ಭೂಮಿಯ ಬಳಿ ಸುಳಿಯುವ ಕ್ಷುದ್ರಗ್ರಹಗಳಲ್ಲಿ ಅರ್ಧದಷ್ಟೂ ಇನ್ನೂ ಪತ್ತೆಯಾಗಿಲ್ಲವೆಂಬುದು ತಜ್ಞರ ಅಂದಾಜು.

ಲೆಕ್ಕಕ್ಕೆ ಸಿಕ್ಕಿದ ಗುಡ್ಡಕ್ಕೆ ಹೆದರಿ, ಲೆಕ್ಕಕ್ಕೆ ಸಿಕ್ಕದ ಬಂಡೆಯನ್ನು ಮರೆಯುವುದು ವಿವೇಕವಲ್ಲ. ಅಪಾಯದ ಅಂಕೆಯನ್ನು ಮುಚ್ಚಿಡದೆ ಪ್ರಕಟಿಸುವವನು ಭಯವನ್ನು ಬಿತ್ತುವವನಲ್ಲ; ಮರುದಿನ ಅದೇ ಅಂಕೆಯನ್ನು ತಿದ್ದಿದರೆ ಅವನು ಸುಳ್ಳುಗಾರನೂ ಅಲ್ಲ. ಇದನ್ನು ಅರಿತ ಜನತೆಯು ಆಕಾಶಕ್ಕೂ ಕಡಲಿಗೂ ಕಾವಲುಗಾರರನ್ನು ನಿಯಮಿಸಿ, ಅವರ ಮಾತಿಗೆ ಕಿವಿಗೊಡುವುದು. ಅಳೆಯುವ ಕೆಲಸವು ನಿಲ್ಲದಿರುವವರೆಗೆ ಮಾತ್ರ ಅಭಯವೂ ಉಳಿಯುವುದು.