ಭಟ್ಟಿಯ ತಳದಲ್ಲಿ ಉಳಿಯುವ ನೀರು

ಸುಂಕದಕಟ್ಟೆಯಿಂದ ಮಾಗಡಿ ರಸ್ತೆ ಹಿಡಿದು ಮುಂದೆ ಹೋದರೆ ಸೀಗೇಹಳ್ಳಿ, ಕನ್ನಹಳ್ಳಿ ಸಿಗುತ್ತವೆ. ಬೆಂಗಳೂರಿನ ಹಸಿ ಕಸ ಗೊಬ್ಬರವಾಗಲೆಂದು ಅಲ್ಲಿ ಘಟಕಗಳು ಬಂದವು. ಹಿಂದೆಯೇ ದುರ್ವಾಸನೆ ಬಂತು, ಕಸದಿಂದ ಸೋರುವ ಕಪ್ಪು ನೀರು ಬಂತು, ಊರವರು ಬೀದಿಗಿಳಿದರು. ಉಳಿದ ಊಟದಿಂದ ಎಥನಾಲ್ ತೆಗೆಯಬಹುದು ಎಂದು ಯಾರಾದರೂ ಹೇಳಿದರೆ ಈ ಭಾಗದವರು ಮೊದಲು ಕೇಳಬೇಕಾದದ್ದು ಇಷ್ಟೇ: ಇಂಧನ ತೆಗೆದ ಮೇಲೆ ಉಳಿಯುವ ನೀರಿನ ಗತಿ ಏನು?

ನೀರು ಸ್ವಲ್ಪವೇನಲ್ಲ. ಅನ್ನ, ಚಪಾತಿ, ಇಡ್ಲಿಯನ್ನು ಅರೆದು, ಕಿಣ್ವ ಹಾಕಿ ಪಿಷ್ಟವನ್ನು ಸಕ್ಕರೆ ಮಾಡಿ, ಯೀಸ್ಟ್ ಬಿಟ್ಟು ಹುಳಿಸುತ್ತಾರೆ. ಆ ಗಂಜಿಯಲ್ಲಿ ಎಥನಾಲ್ ಶೇ. 5ರಷ್ಟಿದ್ದರೆ ಒಂದು ಲೀಟರ್ ಎಥನಾಲಿಗೆ 20 ಲೀಟರ್ ಗಂಜಿ ಕಾಯಿಸಬೇಕು. ಸುಮಾರು 19 ಲೀಟರ್ ಭಟ್ಟಿಯ ತಳದಲ್ಲೇ ಉಳಿಯುತ್ತದೆ. ಕಾಕಂಬಿಯಿಂದ ಎಥನಾಲ್ ಮಾಡುವ ಡಿಸ್ಟಿಲರಿಗಳಿಗೆ ಈ ಪಾಡು ಹಳೆಯದು. ಅಲ್ಲಿ ಲೀಟರಿಗೆ 8ರಿಂದ 15 ಲೀಟರ್ ಕಂದು ಬಣ್ಣದ ‘ಸ್ಪೆಂಟ್ ವಾಶ್’ ಹೊರಬರುತ್ತದೆ. ಅದು ಹಾಗೆಯೇ ಕೆರೆ ಸೇರಿದರೆ ನೀರಿನಲ್ಲಿರುವ ಆಮ್ಲಜನಕ ಬರಿದಾಗಿ ಮೀನು ಸಾಯುತ್ತವೆ.

ಇದಕ್ಕೊಂದು ಉಪಾಯವಿದೆ. ಭಟ್ಟಿಯ ತಳದಲ್ಲಿ ಉಳಿದದ್ದನ್ನು ಯಂತ್ರದಲ್ಲಿ ತಿರುಗಿಸಿ ಗಸಿ, ತಿಳಿ ಬೇರ್ಪಡಿಸಿ, ತಿಳಿಯ ಒಂದು ಪಾಲನ್ನು ಮುಂದಿನ ಗಂಜಿಗೇ ಸುರಿಯುವುದು. ಅಮೆರಿಕದ ಕೆಂಟಕಿಯ ವಿಸ್ಕಿ ತಯಾರಕರು ಬಹುಕಾಲದಿಂದ ಹೀಗೆಯೇ ಮಾಡುತ್ತಿದ್ದಾರೆ. ಹೊಸ ನೀರು ಉಳಿಯುತ್ತದೆ, ತಿಳಿ ಬಿಸಿಯಾಗಿರುವುದರಿಂದ ಉರುವಲೂ ಉಳಿಯುತ್ತದೆ. ಅದರಲ್ಲಿರುವ ಸಾರಜನಕ ಯೀಸ್ಟಿಗೆ ಆಹಾರ, ಅದರ ಹುಳಿಯು ಬೇಡದ ಬ್ಯಾಕ್ಟೀರಿಯಾಕ್ಕೆ ತಡೆ.

ಆದರೆ ನಮ್ಮ ಊಟದಲ್ಲಿ ಉಪ್ಪಿದೆ. ಸಾರು, ಉಪ್ಪಿನಕಾಯಿ, ಸಂಡಿಗೆ ಯಾವುದರ ಉಪ್ಪನ್ನೂ ಯೀಸ್ಟ್ ತಿನ್ನುವುದಿಲ್ಲ, ಅದು ಆವಿಯಾಗಿಯೂ ಹೋಗುವುದಿಲ್ಲ. ಪ್ರತಿ ಸಲ ಅರ್ಧ ಉಪ್ಪು ತಿಳಿಯ ಜೊತೆ ವಾಪಸ್ಸು ಬಂದರೆ, ಸುತ್ತುಗಳು ಕಳೆದಂತೆ ಅದರ ಪ್ರಮಾಣ ಎರಡು ಪಟ್ಟಿನ ಹತ್ತಿರ ನಿಲ್ಲುತ್ತದೆ. ಮುಕ್ಕಾಲು ಪಾಲು ಬಂದರೆ ನಾಲ್ಕು ಪಟ್ಟು. ಲ್ಯಾಕ್ಟಿಕ್ ಮತ್ತು ಅಸಿಟಿಕ್ ಆಮ್ಲಗಳೂ ಹೀಗೆಯೇ ಸೇರಿಕೊಳ್ಳುತ್ತವೆ. ಒಂದು ಹಂತ ದಾಟಿದ ಮೇಲೆ ಯೀಸ್ಟ್ ಸೊರಗಿ ಎಥನಾಲ್ ಇಳಿಯುತ್ತದೆ. ಆದ್ದರಿಂದ ಒಂದು ಪಾಲನ್ನು ಹೊರಗೆ ಬಿಡಲೇಬೇಕು. ಅದನ್ನು ಬಯೋಗ್ಯಾಸ್ ತೊಟ್ಟಿಗೆ ಕೊಟ್ಟರೆ ಬಂದ ಅನಿಲ ಭಟ್ಟಿಗೇ ಉರುವಲು.

ಗಸಿಗೆ ಬೇರೊಂದು ದಾರಿಯೂ ಉಂಟು. ಫಿನ್ಲೆಂಡಿನ ಎಸ್‌ಟಿ1 ಕಂಪನಿ 2015ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಬೇಕರಿ ತ್ಯಾಜ್ಯದಿಂದ ಎಥನಾಲ್ ಮಾಡುವ ಘಟಕ ತೆರೆಯಿತು. ಅಲ್ಲಿ ಉಳಿಯುವ ಗಸಿ ಜಾನುವಾರುಗಳ ಮೇವಾಗುತ್ತದೆ. ಎಲ್ಲಿಂದ ಬಂದ ಬ್ರೆಡ್ ಎಂಬುದು ಗೊತ್ತಿರುವುದರಿಂದ ಅದು ಸಾಧ್ಯ. ಪ್ಲಾಸ್ಟಿಕ್, ಬ್ಯಾಟರಿ ಬೆರೆತ ಬೀದಿ ಕಸದ ಗಸಿಯನ್ನು ಹಸುವಿನ ಮುಂದೆ ಇಡಲಾಗದು.

ನಮ್ಮ ದೇಶದ 2018ರ ಜೈವಿಕ ಇಂಧನ ನೀತಿ ನುಚ್ಚಕ್ಕಿ, ಕೆಟ್ಟ ಧಾನ್ಯ, ಕೊಳೆತ ಆಲೂಗಡ್ಡೆಯಿಂದ ಎಥನಾಲ್ ತೆಗೆಯಲು ದಾರಿ ಬಿಟ್ಟಿದೆ. ಪಶ್ಚಿಮ ಬೆಂಗಳೂರಿನಲ್ಲಿ ಪ್ರಯತ್ನಿಸುವುದಾದರೆ ಮನೆಮನೆಯ ಡಬ್ಬಕ್ಕಿಂತ ಕಲ್ಯಾಣ ಮಂಟಪಗಳ ಅಡುಗೆಮನೆಯಿಂದ ಶುರುಮಾಡುವುದು ಮೇಲು. ಬಡಿಸದೆ ಉಳಿದ, ಹಂಚಲೂ ಆಗದೆ ಹಳಸಿದ ಬಿಳಿ ಅನ್ನವನ್ನು ಸಾರಿನ ಪಾತ್ರೆಗೆ ಸುರಿಯದೆ ಬೇರೆಯಾಗಿ ತೆಗೆದಿಟ್ಟರೆ ಪಿಷ್ಟ ಹೇರಳ, ಉಪ್ಪು ಅತ್ಯಲ್ಪ. ಅದೇ ತಿಳಿನೀರು ಇನ್ನಷ್ಟು ಸುತ್ತು ಬಳಕೆಗೆ ಬರುತ್ತದೆ.